ಸೀರೆ ನೋಡೋ ಕಣ್ಣಲ್ಲೇ ಬ್ಯಾಗ್ ನೋಡಿ: ಲಕ್ಸುರಿ ಲೆದರ್ ಕೆಲಸ ಅರ್ಥ ಮಾಡ್ಕೊಳ್ಳೋಕೆ ಒಂದು ಗೈಡ್

ನಮ್ಮ ದೊಡ್ಡಮ್ಮ ಸೀರೆ ಅಂಗಡೀಲಿ ಕೂತ್ರೆ ಮೊದಲು ಸೆರಗು ನೋಡಲ್ಲ, ಸೀರೆ ಮಗುಚಿ ಹಿಂದೆ ನೋಡ್ತಾರೆ. ಜರಿ ಹಿಂದ್ಗಡೆ ಹೆಂಗೆ ಓಡಿದೆ, ಅಂಚು ಮೈಗೆ ಸೇರೋ ಕಡೆ ಎಳೆ ಎಲ್ಲಾದ್ರೂ ಎಳ್ಕೊಂಡಿದ್ಯಾ, ಬೆರಳ ಮಧ್ಯ ಹಿಡಿದ್ರೆ ಬಟ್ಟೆ ಎಷ್ಟು ತೂಕ ಬರುತ್ತೆ, ಇಷ್ಟೆಲ್ಲ ಆದ್ಮೇಲೇ ರೇಟು ಕೇಳೋದು. ಮೈಸೂರು ಸಿಲ್ಕ್ ಆದ್ರೆ ಕೆಎಸ್ಐಸಿ (ರಾಜ್ಯ ಸರ್ಕಾರದ ರೇಷ್ಮೆ ನಿಗಮ) ಹಾಲೋಗ್ರಾಂ, ಸೀರೆ ಮೇಲಿರೋ ಕೋಡ್ ನಂಬರ್ ಎಲ್ಲ ಚೆಕ್ ಮಾಡ್ತಾರೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಫ್ಯಾಕ್ಟರಿಯ ಸೀರೆ ಅದು, ಅದನ್ನ ನೋಡೋ ಕಣ್ಣೂ ನಮ್ಮ ಮನೆಗಳಲ್ಲಿ ತಲೆಮಾರಿಂದ ತಲೆಮಾರಿಗೆ ಬಂದಿದೆ.

ಅದೇ ಮನೆಯವಳು ನಾನು, ಮೊದಲ ಸಂಬಳದಲ್ಲಿ ಬ್ಯಾಗ್ ತಗೊಳ್ಳುವಾಗ ಎರಡೇ ನಿಮಿಷದಲ್ಲಿ ಲೋಗೋ ನೋಡಿ ಬಿಲ್ ಮಾಡಿಸ್ದೆ. ಒಳಗೆ 'ಜೆನ್ಯುಯಿನ್ ಲೆದರ್' ಅಂತ ಪಟ್ಟಿ ಇತ್ತು, ಒಂಬತ್ತು ಸಾವಿರ ಕೊಟ್ಟಿದ್ದೆ, ಎರಡನೇ ಮಳೆಗಾಲಕ್ಕೆ ಸ್ಟ್ರ್ಯಾಪ್ ಬಿರುಕು ಬಿಟ್ಟು ಒಳಗಿಂದ ಬೂದು ಬಣ್ಣದ ರಟ್ಟಿನ ಥರದ್ದು ಏನೋ ಹೊರಗೆ ಬಂತು. ತುಂಬಾ ಬೇಜಾರಾಯ್ತು, ದುಡ್ಡಿಗಿಂತ ಹೆಚ್ಚಾಗಿ ನನಗೆ ಅದನ್ನ ನೋಡೋಕೇ ಬರಲಿಲ್ಲವಲ್ಲ ಅಂತ. ಆಮೇಲೆ ಏಳೆಂಟು ವರ್ಷ ಸಿಕ್ಕ ಸಿಕ್ಕ ಕಡೆ ಬ್ಯಾಗ್ ತಿರುಗಿಸಿ ಮುರುಗಿಸಿ ನೋಡಿ, ಕೇಳಿ, ಓದಿ ಕಲ್ತಿದ್ದನ್ನ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೀತಿದೀನಿ. ನೀವು ಲಕ್ಷಗಟ್ಟಲೆ ಕೊಟ್ಟು ತಗೋಬೇಕು ಅಂತ ಹೇಳ್ತಿಲ್ಲ, ಆ ಲಕ್ಷದ ಬ್ಯಾಗಲ್ಲಿ ಏನು ಕೆಲಸ ಇರುತ್ತೆ ಅಂತ ಕೈಗೆ ಗೊತ್ತಾಗಿಬಿಟ್ರೆ ಐದು ಸಾವಿರದ ಬ್ಯಾಗಲ್ಲೂ ಒಳ್ಳೇದು ಯಾವುದು ಅಂತ ಆರಿಸ್ಬಹುದು, ಅದಕ್ಕೆ.

ಹೆಜ್ಜೆ 1: ಈ ಕಂಪನಿ ಶುರುವಾದಾಗ ಏನು ಮಾಡ್ತಿತ್ತು ಅಂತ ತಿಳ್ಕೊಳ್ಳಿ

ಬಾಕ್ಸ್ ಮೇಲೆ ಇರೋ ಇಸವಿ ನೋಡಿ ಹಳೇ ಬ್ರ್ಯಾಂಡ್ ಅಂತ ಮರುಳಾಗ್ಬೇಡಿ. ಆ ಇಸವೀಲಿ ಅವರ ಮುಂದೆ ಯಾವ ಕಷ್ಟ ಇತ್ತು, ಅದನ್ನ ಹೆಂಗೆ ಬಗೆಹರಿಸಿದ್ರು ಅಂತ ನೋಡಿ. ಹೆರಿಟೇಜ್ ಅಂದ್ರೆ ನನ್ನ ಲೆಕ್ಕದಲ್ಲಿ ಇಷ್ಟೇ.

ಉದಾಹರಣೆಗೆ ಎರ್ಮೆಸ್ ಅನ್ನೋ ಫ್ರೆಂಚ್ ಬ್ರ್ಯಾಂಡ್ ತಗೊಳ್ಳಿ. 1837ರಲ್ಲಿ ಪ್ಯಾರಿಸ್ಸಲ್ಲಿ ಥಿಯೆರಿ ಎರ್ಮೆಸ್ ಶುರು ಮಾಡಿದ್ದು ಬ್ಯಾಗ್ ಅಂಗಡಿ ಅಲ್ಲ, ಕುದುರೆಗಾಡಿಗೆ ಬೇಕಾದ ಚರ್ಮದ ಸರಂಜಾಮು ಮಾಡೋ ವರ್ಕ್‌ಶಾಪು. ಓಡ್ತಿರೋ ಕುದುರೆಯ ಪಟ್ಟಿ ಕಿತ್ತೋದ್ರೆ ಗಾಡೀಲಿ ಕೂತವರ ಜೀವಕ್ಕೇ ಸಂಚಕಾರ. ಹಂಗಾಗಿ ಅಲ್ಲಿನ ಹೊಲಿಗೆ ಕೀಳಬಾರದು ಅನ್ನೋದು ಚೆಂದಕ್ಕೆ ಹಾಕ್ಕೊಂಡ ನಿಯಮ ಅಲ್ಲ. ಇವತ್ತೂ ಅವರ ಬ್ಯಾಗಲ್ಲಿ ಅದೇ ಕುದುರೆ ಜೀನಿನ ಹೊಲಿಗೆ ಇದೆ, ಅದರ ಬಗ್ಗೆ ಮುಂದೆ ಹೇಳ್ತೀನಿ.

ಲೂಯಿ ವಿಟಾನ್ 1854ರಲ್ಲಿ ಶುರುವಾಗಿದ್ದು ಪ್ರಯಾಣದ ಪೆಟ್ಟಿಗೆಗೆ. ಆಗಿನ ಟ್ರಂಕುಗಳ ಮುಚ್ಚಳ ಗುಮ್ಮಟದ ಥರ ಉಬ್ಬಿರ್ತಿತ್ತು, ಮೇಲೆ ಬಿದ್ದ ಮಳೆ ನೀರು ಜಾರಿ ಹೋಗ್ಲಿ ಅಂತ. ಆದ್ರೆ ರೈಲು ಬಂತು, ಹಡಗು ಪ್ರಯಾಣ ಜಾಸ್ತಿ ಆಯ್ತು, ಉಬ್ಬಿದ ಪೆಟ್ಟಿಗೆ ಒಂದರ ಮೇಲೊಂದು ಪೇರಿಸೋಕೆ ಆಗಲ್ಲ. 1858ರಲ್ಲಿ ಆತ ಚಪ್ಪಟೆ ಮುಚ್ಚಳದ ಟ್ರಂಕ್ ಮಾಡಿ, ಮೇಲೆ ನೀರು ಇಳಿಯದಂಥ ಕ್ಯಾನ್ವಾಸ್ ಹೊದಿಸ್ದ, ಎರಡೂ ತೊಂದರೆ ಒಟ್ಟಿಗೆ ಹೋಯ್ತು. ಎಲ್ಲಾ ಕಡೆ ಕಾಣೋ ಆ ಎಲ್‌ವಿ ಹೂವಿನ ಮಾನೋಗ್ರಾಂ 1896ರದ್ದು, ಮಗ ಜಾರ್ಜ್ ಮಾಡಿದ್ದು, ನಕಲಿ ಮಾಡೋವ್ರ ಕಾಟ ತಡೀಲಿ ಅಂತ. ಇವತ್ತು ಪ್ರಪಂಚದಲ್ಲಿ ಹೆಚ್ಚು ನಕಲಾಗೋ ಡಿಸೈನುಗಳಲ್ಲಿ ಅದೂ ಒಂದು, ಯೋಚನೆ ಮಾಡಿದ್ರೆ ಪಾಪ ಅನ್ಸುತ್ತೆ.

ಗುಚಿ 1921ರ ಫ್ಲಾರೆನ್ಸ್‌ದು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಚರ್ಮಕ್ಕೇ ಬರ, ಆಗ ಬಿದಿರನ್ನ ಬಿಸಿ ಮಾಡಿ ಬಗ್ಗಿಸಿ ಹಿಡಿ ಮಾಡಿದ್ರು, 1947ರ ಬ್ಯಾಂಬೂ ಬ್ಯಾಗ್ ಹುಟ್ಟಿದ್ದು ಹಂಗೆ. 1966ರ ಬೊಟೆಗಾ ವೆನೆಟಾದವರ ಹತ್ರ ಇದ್ದದ್ದು ಬಟ್ಟೆ ಹೊಲಿಯೋ ಮೆಷಿನು, ದಪ್ಪ ಚರ್ಮಕ್ಕೆ ಅದರ ಸೂಜಿ ಇಳೀತಿರಲಿಲ್ಲ, ಅದಕ್ಕೆ ತೆಳು ಚರ್ಮದ ಪಟ್ಟಿಗಳನ್ನ ಚಾಪೆ ಹೆಣೆದಂಗೆ ಹೆಣೆದು ಗಟ್ಟಿ ಮಾಡ್ಕೊಂಡ್ರು. ಲೋಗೋ ಇಲ್ದೇನೇ ಆ ಹೆಣಿಗೆ ನೋಡಿ ಜನ ಗುರುತು ಹಿಡೀತಾರೆ, ನನಗೆ ಇವೆಲ್ಲದರಲ್ಲಿ ತುಂಬಾ ಇಷ್ಟವಾದ ಕೆಲಸ ಅದೇ.

ಇದನ್ನೆಲ್ಲ ತಿಳ್ಕೊಂಡು ಏನಾಗ್ಬೇಕು ಅಂದ್ರೆ, ಆ ಕಂಪನಿ ಯಾವುದರಲ್ಲಿ ಪಳಗಿದೆ ಅನ್ನೋದು ಗೊತ್ತಾಗುತ್ತೆ. ಟ್ರಂಕಿನವರ ಕೈ ಕ್ಯಾನ್ವಾಸಲ್ಲಿ, ಬೀಗದಲ್ಲಿ, ಮೂಲೆ ಕಟ್ಟೋದ್ರಲ್ಲಿ ಚೆನ್ನಾಗಿ ಓಡುತ್ತೆ, ಜೀನಿನವರದ್ದು ಹೊಲಿಗೇಲಿ.

ಹೆಜ್ಜೆ 2: ಒಂದು ಸಲ ಒಳ್ಳೇದನ್ನ ಕೈಯಲ್ಲಿ ಹಿಡಿದು ನೋಡಿ

ಬೆಂಗಳೂರಿನ ಲಕ್ಸುರಿ ಮಾಲ್ ಯುಬಿ ಸಿಟಿಗೆ ಹೋಗಿ. ವಿಠಲ್ ಮಲ್ಯ ರಸ್ತೆಯಲ್ಲಿ ಓಡಾಡಿದ್ರೂ ಒಳಗೆ ಕಾಲಿಡದವ್ರು ಎಷ್ಟೋ ಜನ ಇದ್ದಾರೆ, ಗಾಜಿನ ಬಾಗಿಲು, ಕೋಟ್ ಹಾಕಿರೋ ಸೆಕ್ಯುರಿಟಿ ನೋಡಿ ಹಿಂಜರೀತಾರೆ. ನಾನೂ ಎರಡು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದೆ. ಮೂರನೇ ಸಲ ದೊಡ್ಡಮ್ಮನ್ನ ಕರ್ಕೊಂಡು ಹೋದೆ, ಅವ್ರು ಚಿಕ್ಕಪೇಟೆ ಅಂಗಡಿಗೆ ನುಗ್ಗಿದಂಗೇ ನುಗ್ಗಿ ಕೂತ್ರು.

ವಾರದ ಮಧ್ಯ, ಮಧ್ಯಾಹ್ನದ ಹೊತ್ತು ಹೋಗಿ, ಜನ ಕಮ್ಮಿ ಇರ್ತಾರೆ. "ಇವತ್ತೇ ತಗೊಳ್ತಿಲ್ಲ, ಕೆಲಸ ಹೆಂಗಿದೆ ಅಂತ ನೋಡ್ಬೇಕಿತ್ತು" ಅಂತ ನೇರವಾಗಿ ಹೇಳಿ, ಹೆಚ್ಚಿನವ್ರು ಖುಷಿಯಿಂದಾನೇ ತೋರಿಸ್ತಾರೆ, ಅವರಿಗೂ ಟ್ರೈನಿಂಗಲ್ಲಿ ಇದನ್ನೆಲ್ಲ ಹೇಳ್ಕೊಟ್ಟಿರ್ತಾರೆ, ಕೇಳೋವ್ರು ಕಮ್ಮಿ ಅಷ್ಟೇ. ಯಾವ ಭಾಗ ಚರ್ಮ, ಯಾವ ಭಾಗ ಅಲ್ಲ ಅಂತ ಕೇಳಿ. ಹಿಡಿ ಕಿತ್ತೋದ್ರೆ ಎಲ್ಲಿ ರಿಪೇರಿ ಮಾಡ್ಕೊಡ್ತೀರಾ, ಎಷ್ಟು ದಿನ ಹಿಡಿಯುತ್ತೆ ಅಂತಾನೂ ಕೇಳಿ. ಮೊದಲನೇ ಪ್ರಶ್ನೆಗೆ ಬರೋ ಉತ್ತರ ಸುಮಾರು ಜನಕ್ಕೆ ಶಾಕ್ ಕೊಡುತ್ತೆ, ಯಾಕಂದ್ರೆ ಲೂಯಿ ವಿಟಾನ್‌ನ ಮಾನೋಗ್ರಾಂ ಬ್ಯಾಗಿನ ಮೈ ಚರ್ಮ ಅಲ್ಲ, ಹತ್ತಿ ಕ್ಯಾನ್ವಾಸ್ ಮೇಲೆ ಪಿವಿಸಿ ಕೋಟಿಂಗ್. ಹಿಡಿ, ಅಂಚಿನ ಪಟ್ಟಿ ಮಾತ್ರ ಚರ್ಮ. ಅದು ಮೋಸ ಏನಲ್ಲ, ಆ ಕ್ಯಾನ್ವಾಸ್ ಸರಿಯಾಗಿ ನೋಡ್ಕೊಂಡ್ರೆ ದಶಕಗಟ್ಟಲೆ ಬಾಳುತ್ತೆ, ಆದ್ರೆ ಯಾವುದಕ್ಕೆ ದುಡ್ಡು ಕೊಡ್ತಿದೀವಿ ಅಂತ ನಮಗೆ ಗೊತ್ತಿರ್ಬೇಕು.

ಹೆಜ್ಜೆ 3: ಚರ್ಮ

ಹಸುವಿನ ಚರ್ಮ ದಪ್ಪ ಇರುತ್ತೆ, ಅದನ್ನ ಅಡ್ಡಡ್ಡ ಪದರ ಪದರವಾಗಿ ಸೀಳ್ತಾರೆ. ಕೂದಲು ಇದ್ದ ಮೇಲಿನ ಪದರದಲ್ಲಿ ನಾರು ಒತ್ತೊತ್ತಾಗಿ ಹೆಣೆದಿರುತ್ತೆ, ಬಲ ಇರೋದೇ ಅಲ್ಲಿ. ಆ ಮೇಲ್ಮೈ ಉಜ್ಜದೆ ಹಂಗೇ ಬಿಟ್ರೆ ಫುಲ್ ಗ್ರೇನ್, ಮೇಲೆ ಉಜ್ಜಿ ಕಲೆ ತೆಗೆದು ಅಚ್ಚು ಒತ್ತಿದ್ರೆ ಕರೆಕ್ಟೆಡ್ ಗ್ರೇನ್, ಕೆಳಗಿನ ಪದರ ಸ್ಪ್ಲಿಟ್. ಚೂರುಪಾರು ಪುಡಿ ಮಾಡಿ ಅಂಟು ಸೇರಿಸಿ ಹಾಳೆ ಮಾಡಿದ್ರೆ ಬಾಂಡೆಡ್, ನನ್ನ ಮೊದಲ ಬ್ಯಾಗಿನ ಸ್ಟ್ರ್ಯಾಪ್ ಒಳಗಿದ್ದ ಬೂದು ರಟ್ಟು ಅದೇ. 'ಜೆನ್ಯುಯಿನ್ ಲೆದರ್' ಅನ್ನೋ ಪಟ್ಟಿ ಎಲ್ಲೋ ಚರ್ಮ ಇದೆ ಅಂತಷ್ಟೇ ಹೇಳುತ್ತೆ, ಯಾವ ಪದರ ಅಂತ ಹೇಳಲ್ಲ.

ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೂದಲಿನ ರಂಧ್ರ ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಚದುರಿ ಇದ್ರೆ ನಿಜವಾದ ಮೇಲ್ಮೈ. ಇಡೀ ಬ್ಯಾಗ್ ಮೇಲೆ ಒಂದೇ ಅಳತೆಯ ಗೀರು ವಾಲ್‌ಪೇಪರ್ ಥರ ಮತ್ತೆ ಮತ್ತೆ ಬಂದ್ರೆ ಅದು ಮೆಷಿನ್ ಒತ್ತಿದ ಅಚ್ಚು. ಹೆಬ್ಬೆರಳಲ್ಲಿ ಮೆಲ್ಲಗೆ ಅದುಮಿ, ಚರ್ಮವಾದ್ರೆ ಬೆರಳ ಸುತ್ತ ಸಣ್ಣ ಸಣ್ಣ ಸುಕ್ಕು ಹರಡ್ಕೊಳ್ಳುತ್ತೆ, ರೆಕ್ಸಿನ್ ಬರೀ ಗುಳಿ ಬೀಳುತ್ತೆ. ಬೆಂಕಿ ಕಡ್ಡಿ ಗೀರಿ ಸುಟ್ಟು ನೋಡೋ ಟೆಸ್ಟ್ ವಾಟ್ಸಾಪಲ್ಲಿ ಓಡಾಡುತ್ತಲ್ಲ, ಅದನ್ನ ಮಾಡ್ಬೇಡಿ.

ಹದ ಮಾಡೋದ್ರಲ್ಲೂ ಎರಡು ದಾರಿ. ಮರದ ತೊಗಟೆ, ಕಾಯಿಗಳ ಒಗರಲ್ಲಿ ವಾರಗಟ್ಟಲೆ ನೆನೆಸಿದ್ರೆ ವೆಜಿಟೇಬಲ್ ಟ್ಯಾನ್, ಕ್ರೋಮಿಯಂ ಉಪ್ಪಲ್ಲಿ ಬೇಗ ಮುಗಿಸಿದ್ರೆ ಕ್ರೋಮ್ ಟ್ಯಾನ್. ಮೊದಲನೇದು ಗಟ್ಟಿ, ಬಳಸ್ತಾ ಬಳಸ್ತಾ ಜೇನಿನ ಬಣ್ಣಕ್ಕೆ ತಿರುಗುತ್ತೆ, ಆದ್ರೆ ನೀರು ಬಿದ್ರೆ ಕಲೆ. ಎರಡನೇದು ಮೆತ್ತಗೆ, ಮಳೆ ತಡ್ಕೊಳ್ಳುತ್ತೆ. ಕ್ರೋಮ್ ಅಂದ್ರೆ ಕೀಳು ಅಂತ ಏನಿಲ್ಲ, ಬೆಂಗಳೂರಲ್ಲಿ ಮೆಟ್ರೋ ಇಳಿದು ಆಟೋಗೆ ಕಾಯೋರಿಗೆ ನಾನು ಅದನ್ನೇ ಹೇಳ್ತೀನಿ.

ಹೆಜ್ಜೆ 4: ಹೊಲಿಗೆ, ಇಲ್ಲಿ ಟೈಂ ತಗೊಳ್ಳಿ

ಇಡೀ ಗೈಡಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ತೀರಾ ಅಂದ್ರೆ ಇದನ್ನ ಇಟ್ಕೊಳ್ಳಿ.

ಹೊಲಿಗೆ ಮೆಷಿನಲ್ಲಿ ಎರಡು ದಾರ ಇರುತ್ತೆ, ಮೇಲೊಂದು, ಕೆಳಗೆ ಬಾಬಿನ್‌ದು ಒಂದು, ಎರಡೂ ಬಟ್ಟೆ ಮಧ್ಯ ಒಂದಕ್ಕೊಂದು ಕೊಕ್ಕೆ ಹಾಕ್ಕೊಂಡು ನಿಲ್ಲುತ್ತೆ. ಮೇಲಿನ ದಾರ ಒಂದು ಕಡೆ ಸವೆದು ಹರಿದ್ರೆ ಅಕ್ಕಪಕ್ಕದ ಕೊಕ್ಕೆಗಳೂ ಸಡಿಲ ಆಗ್ತಾ ಹೋಗುತ್ತೆ, ಅಮ್ಮನ ಬ್ಲೌಸಿನ ಹೊಲಿಗೆ ಒಂದು ಕಡೆ ಬಿಟ್ರೆ ಸರ್ರಂತ ಬರುತ್ತಲ್ಲ, ಹಂಗೆ.

ಜೀನಿನ ಹೊಲಿಗೆ, ಸ್ಯಾಡಲ್ ಸ್ಟಿಚ್ ಅಂತಾರೆ, ಅದರಲ್ಲಿ ಇರೋದು ಒಂದೇ ಉದ್ದದ ದಾರ, ಎರಡು ತುದಿಗೂ ಒಂದೊಂದು ಸೂಜಿ. ಅಗಸೆ ನಾರಿನ, ಅಂದ್ರೆ ಲಿನನ್ ದಾರಕ್ಕೆ ಜೇನುಮೇಣ ತಿಕ್ಕಿರ್ತಾರೆ. ಚರ್ಮವನ್ನ ಮರದ ಇಕ್ಕಳದಲ್ಲಿ ಕಚ್ಚಿಸಿ ಅದನ್ನ ತೊಡೆ ಮಧ್ಯ ಹಿಡ್ಕೊಂಡು, ದಬ್ಬಳದಲ್ಲಿ ತೂತು ಹಾಕಿ, ಒಂದೇ ತೂತಲ್ಲಿ ಎಡಗಡೆಯಿಂದ ಒಂದು ಸೂಜಿ, ಬಲಗಡೆಯಿಂದ ಇನ್ನೊಂದು ಸೂಜಿ ದಾಟಿಸಿ ಎರಡೂ ಕೈ ಅಗಲಿಸಿ ಎಳೀತಾರೆ. ಪ್ರತಿ ತೂತಲ್ಲೂ ದಾರ ಎರಡು ಸಲ ಹಾದಿರುತ್ತೆ. ಹೊರಗಡೆ ಒಂದು ಹೊಲಿಗೆ ಸವೆದು ಹರಿದ್ರೂ ಅದೇ ಜಾಗದಲ್ಲಿ ಇನ್ನೊಂದು ಎಳೆ ಹಿಡ್ಕೊಂಡಿರುತ್ತೆ, ಮೇಣ ಇರೋದ್ರಿಂದ ಜಾರೋದೂ ಇಲ್ಲ. ಇದನ್ನ ಮೆಷಿನಲ್ಲಿ ಹೊಲಿಯೋಕೆ ಆಗಲ್ಲ, ಕೈಯಲ್ಲೇ ಆಗ್ಬೇಕು. ಎರ್ಮೆಸ್‌ನ ಬಿರ್ಕಿನ್, ಕೆಲ್ಲಿ ಥರದ ಬ್ಯಾಗನ್ನ ಒಬ್ಬರೇ ಕುಶಲಕರ್ಮಿ ಮೊದಲಿಂದ ಕೊನೆ ತನಕ ಮಾಡಿ ತಮ್ಮ ಗುರುತಿನ ಮುದ್ರೆ ಒಳಗೆ ಒತ್ತೋದು, ಅಷ್ಟು ರೇಟು ಇರೋದು, ಇದಕ್ಕೂ ಸೇರಿ. ನಟಿ, ಗಾಯಕಿ ಜೇನ್ ಬಿರ್ಕಿನ್‌ಗೆ ಅಂತ ಮಾಡಿದ ಮೊಟ್ಟಮೊದಲ ಬ್ಯಾಗ್ 2025ರ ಜುಲೈನಲ್ಲಿ ಪ್ಯಾರಿಸ್ ಹರಾಜಲ್ಲಿ 86 ಲಕ್ಷ ಯೂರೋಗೆ ಹೋಯ್ತು, ಆಕೆ ದಿನಾ ಬಳಸಿ ಗೀಚಿ ಸ್ಟಿಕ್ಕರ್ ಅಂಟಿಸಿದ್ದ ಬ್ಯಾಗು. ಹೆಸರಿನ ಬೆಲೆ ದೊಡ್ಡದೇ ಇರ್ಬಹುದು, ಆದ್ರೆ ಅಷ್ಟು ವರ್ಷ ಕಳೆದ್ಮೇಲೂ ಬ್ಯಾಗು ಬ್ಯಾಗಾಗೇ ಉಳಿದಿತ್ತಲ್ಲ.

ನೋಡೋದು ಹೆಂಗೆ? ಕೈ ಹೊಲಿಗೆ ಸ್ವಲ್ಪ ಓರೆ ಇರುತ್ತೆ, ಮಳೆ ಹನಿ ಗಾಳಿಗೆ ವಾಲಿದಂಗೆ ಒಂದರ ಹಿಂದೊಂದು. ಆಮೇಲೆ, ಸೀರೆ ಮಗುಚಿದಂಗೆ ಸ್ಟ್ರ್ಯಾಪ್ ಮಗುಚಿ ಹಿಂದೆ ನೋಡಿ. ಹಿಂದೆನೂ ಅಷ್ಟೇ ಅಚ್ಚುಕಟ್ಟಾಗಿದ್ರೆ ಮಾಡಿದವರು ಮುತುವರ್ಜಿಯಿಂದ ಮಾಡಿದ್ದಾರೆ. ಮೆಷಿನ್ ಹೊಲಿಗೆನೂ ಚೆನ್ನಾಗಿರ್ಬಹುದು, ಎಷ್ಟೋ ದೊಡ್ಡ ಬ್ರ್ಯಾಂಡುಗಳು ಹೆಚ್ಚಿನ ಭಾಗ ಮೆಷಿನಲ್ಲೇ ಹೊಲಿಯೋದು, ಹಂಗಿದ್ದಾಗ ಹಿಡಿ ಮೈಗೆ ಸೇರೋ ಜಾಗದಲ್ಲಿ ಎರಡು ಮೂರು ಸಲ ಹಿಂದೆ ಮುಂದೆ ಹೊಲಿದಿದ್ದಾರಾ, ತುದೀಲಿ ದಾರ ಕರಗಿಸಿ ಮುಗಿಸಿದ್ದು ಕೈಗೆ ಚುಚ್ಚುತ್ತಾ, ಮೂಲೆ ತಿರುಗೋ ಕಡೆ ಹೊಲಿಗೆ ಅಂತರ ತಪ್ಪಿದ್ಯಾ, ಇಷ್ಟು ನೋಡಿ. ದೊಡ್ಡಮ್ಮ ಅವತ್ತು ಯುಬಿ ಸಿಟೀಲಿ ಯಾರೂ ಹೇಳ್ಕೊಡದೇನೇ ಮೊದಲು ಮಾಡಿದ್ದು ಇದನ್ನೇ, ಹಿಡಿಯ ಬುಡ ತಿರುಗಿಸಿ ಉಗುರಲ್ಲಿ ಸವರಿ "ಇಲ್ಲಿ ನೋಡೇ, ಒಂದು ಗಂಟೂ ಕೈಗೆ ಸಿಗಲ್ಲ" ಅಂದ್ರು.

ಹೆಜ್ಜೆ 5: ಅಂಚು

ಚರ್ಮ ಕೊಯ್ದ ಅಂಚು ಹಸಿ ಗಾಯದ ಥರ, ಹಂಗೇ ಬಿಟ್ರೆ ನೀರು ಕುಡಿಯುತ್ತೆ, ಪದರ ಬಿಡುತ್ತೆ. ಅದನ್ನ ಮುಚ್ಚೋಕೆ ದಾರಿಗಳಿವೆ. ಚರ್ಮ ತೆಳು ಮಾಡಿ ಒಳಗೆ ಮಡಚಿ ಹೊಲಿಯೋದು ಒಂದು, ಮೇಣ ಹಚ್ಚಿ ಮರದ ತುಂಡಲ್ಲಿ ಬಿಸಿ ಏರೋ ತನಕ ಉಜ್ಜಿ ಉಜ್ಜಿ ಗಾಜಿನಂಗೆ ಮಾಡೋದು ಇನ್ನೊಂದು, ಬಣ್ಣ ಬಳಿಯೋದು ಮತ್ತೊಂದು. ಬಣ್ಣದ ಕೆಲಸ ಸರಿಯಾಗಿ ಆಗ್ಬೇಕಂದ್ರೆ ಬಳಿದು, ಒಣಗಿಸಿ, ಸಣ್ಣ ಮರಳು ಕಾಗದದಲ್ಲಿ ತಿಕ್ಕಿ, ಮತ್ತೆ ಬಳಿದು, ಹಿಂಗೆ ಹಲವು ಸಲ ಮಾಡ್ಬೇಕು. ಅರ್ಜೆಂಟಲ್ಲಿ ಒಂದೇ ಸಲ ದಪ್ಪಗೆ ಬಳಿದ್ರೆ ಆರು ತಿಂಗಳಲ್ಲಿ ರಬ್ಬರಿನಂಗೆ ಸುಲಿದು ಬರುತ್ತೆ. ಅಂಗಡೀಲಿ ಸ್ಟ್ರ್ಯಾಪನ್ನ ಮೆಲ್ಲಗೆ ಬಗ್ಗಿಸಿ ನೋಡಿ, ಅಂಚಲ್ಲಿ ಕೂದಲೆಳೆಯಷ್ಟು ಬಿರುಕು ಕಂಡ್ರೂ ಬೇಡ. ರೇಟ್ ಕಮ್ಮಿ ಮಾಡೋಕೆ ಹೋದವ್ರು ಮೊದಲು ಕೈ ಬಿಡೋದು ಅಂಚಿನ ಕೆಲಸವನ್ನೇ, ಯಾಕಂದ್ರೆ ಫೋಟೋದಲ್ಲಿ ಅದು ಕಾಣಲ್ಲ.

ಜಿಪ್ಪು ಬಕಲ್ಲು ಬಗ್ಗೆ ಜಾಸ್ತಿ ಹೇಳೋದಿಲ್ಲ. ಜಿಪ್ ಒಂದು ಬೆರಳಲ್ಲಿ ಎಳೆದ್ರೆ ಮೂಲೇಲೂ ಸಿಕ್ಕದೆ ಓಡ್ಬೇಕು, ಬಕಲ್ ಹಿತ್ತಾಳೇದಾದ್ರೆ ಕೈಗೆ ತೂಕ ಗೊತ್ತಾಗುತ್ತೆ. ಒಳಗಿನ ಲೈನಿಂಗ್ ಬಟ್ಟೆ ಹಿಡಿದು ಮೆಲ್ಲಗೆ ಎಳೆದು ನೋಡಿ, ಹೊಲಿಗೆ ಬಾಯಿ ಬಿಡಬಾರದು. ಅಷ್ಟೇ.

ಹೆಜ್ಜೆ 6: ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ

ಬೆಂಗಳೂರಲ್ಲಿ ಈಗ ಹಳೇ ಲಕ್ಸುರಿ ಬ್ಯಾಗ್ ಮಾರೋ ಇನ್‌ಸ್ಟಾ ಪೇಜ್ ತುಂಬಾ ಆಗಿವೆ. ನಂಬರ್ ಇದೆ, ಕಾರ್ಡ್ ಇದೆ ಅಂತ ನಂಬ್ಬೇಡಿ, ಕಾರ್ಡನ್ನೂ ಪ್ರಿಂಟ್ ಹಾಕ್ತಾರೆ. ಲೂಯಿ ವಿಟಾನ್‌ನವ್ರು 2021ರಿಂದ ಎಲ್ಲಿ, ಯಾವಾಗ ಮಾಡಿದ್ದು ಅಂತ ಒಳಗೆ ಒತ್ತೋ ಡೇಟ್ ಕೋಡ್ ಬಿಟ್ಟು ಮೈಕ್ರೋಚಿಪ್‌ಗೆ ಬಂದಿದ್ದಾರೆ, ಹಂಗಾಗಿ ಹೊಸ ಮಾಡೆಲ್ಲು ಅಂತ ಹೇಳಿ ಒಳಗೆ ಹಳೇ ಥರದ ಕೋಡ್ ತೋರಿಸಿದ್ರೆ ಅಲ್ಲೇ ಎದ್ದು ಬನ್ನಿ. ಹಳೇ ಬ್ಯಾಗಾದ್ರೆ ಹಿಡಿಯ ಬಣ್ಣ ನೋಡಿ, ಆ ತಿಳಿ ಚರ್ಮ ಕೈ ಬೆವರು ಬಿಸಿಲಿಗೆ ಕಪ್ಪಾಗ್ತಾ ಹೋಗುತ್ತೆ, ಹತ್ತು ವರ್ಷ ಬಳಸಿದ್ದು ಅಂತ ಹೇಳಿ ಹಿಡಿ ಮಾತ್ರ ಹೊಚ್ಚ ಹೊಸ ಕೆನೆ ಬಣ್ಣದಲ್ಲಿದ್ರೆ ಯಾಕೆ ಅಂತ ಕೇಳಲೇಬೇಕು. ಬ್ಯಾಗನ್ನ ಕೈಗೆ ಕೊಡದೆ ಮೊದಲೇ ಪೂರ್ತಿ ದುಡ್ಡು ಕೇಳೋರ ಹತ್ರ ವ್ಯವಹಾರ ಬೇಡವೇ ಬೇಡ.

ಹೆಜ್ಜೆ 7: ಬೆಂಗಳೂರಿನ ಮಳೆಗಾಲದಲ್ಲಿ ಉಳಿಸ್ಕೊಳ್ಳೋದು

ಜೂನ್‌ನಿಂದ ಅಕ್ಟೋಬರ್ ತನಕ ನಮ್ಮ ಬೀರುಗಳಲ್ಲಿ ಬೂಷ್ಟು ಗ್ಯಾರಂಟಿ. ಬ್ಯಾಗನ್ನ ಯಾವತ್ತೂ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡ್ಬೇಡಿ, ಹಳೇ ಕಾಟನ್ ಪಂಚೆ ಅಥವಾ ದಿಂಬಿನ ಕವರಲ್ಲಿ ಹಾಕಿ, ಒಳಗೆ ಹಾಳೆ ಉಂಡೆ ಮಾಡಿ ತುಂಬಿ, ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತೆ. ಹದಿನೈದು ದಿನಕ್ಕೊಮ್ಮೆ ತೆಗೆದು ನೆರಳಲ್ಲಿ ಗಾಳಿಗೆ ಇಡಿ, ರೇಷ್ಮೆ ಸೀರೆಗೆ ಮಾಡಲ್ವಾ ಹಂಗೆ. ನೆನೆದು ಬಂದ್ರೆ ಒಣ ಬಟ್ಟೇಲಿ ಒತ್ತಿ ತೆಗೀರಿ, ಉಜ್ಜಬೇಡಿ, ಬಿಸಿಲು, ಹೇರ್ ಡ್ರೈಯರ್ ಎರಡೂ ಬೇಡ, ನೀರು ಬೇಗ ಆರಿದ್ರೆ ಚರ್ಮ ಸೆಟೆದು ಬಿರಿಯುತ್ತೆ. ಇನ್ನೊಂದು ಮಾತು, ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಹಚ್ತೀವಿ, ಬ್ಯಾಗಿಗೆ ದಯವಿಟ್ಟು ಬೇಡ. ಕಲೆ ಕಟ್ಟುತ್ತೆ, ದಿನ ಕಳೆದಂಗೆ ಕಮಟು ವಾಸನೆ ಬರುತ್ತೆ. ಲೆದರ್ ಕ್ರೀಂ ಕಡ್ಲೆಕಾಳಷ್ಟು ತಗೊಂಡು ಮೊದಲು ತಳದಲ್ಲಿ ಹಚ್ಚಿ ನೋಡಿ, ಬಣ್ಣ ಬದಲಾಗದಿದ್ರೆ ಮಾತ್ರ ಮುಂದುವರಿಸಿ.

ಹೆಜ್ಜೆ 8: ಅದೇ ಕಣ್ಣು ನಮ್ಮೂರಿನ ಕೆಲಸದ ಮೇಲೂ ಇಡಿ

2025ರ ಜೂನಲ್ಲಿ ಮಿಲಾನ್ ಫ್ಯಾಷನ್ ಶೋನಲ್ಲಿ ಇಟಲಿಯ ಪ್ರಾಡಾ ಬ್ರ್ಯಾಂಡಿನವ್ರು ಕೊಲ್ಹಾಪುರಿ ಥರದ್ದೇ ಚಪ್ಪಲಿ ತೋರಿಸಿ, ಎಲ್ಲಿಂದ ಬಂತು ಅಂತ ಹೇಳದೆ ಗಲಾಟೆ ಆಯ್ತಲ್ಲ, ಆಗ ಎಲ್ರೂ ಮಹಾರಾಷ್ಟ್ರ ಮಹಾರಾಷ್ಟ್ರ ಅಂದ್ರು. ಆದ್ರೆ ಈ ಚಪ್ಪಲಿಗೆ ಸಿಕ್ಕ 2019ರ ಜಿಐ ಟ್ಯಾಗಲ್ಲಿ (ಇಂಥ ಕಡೆಯದ್ದೇ ವಸ್ತು ಅನ್ನೋ ಸರ್ಕಾರದ ಗುರುತು) ಮಹಾರಾಷ್ಟ್ರದ ನಾಲ್ಕು ಜಿಲ್ಲೆ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರನೂ ಇವೆ. ಅಥಣಿ ಕಡೆ ಮನೆ ಮನೇಲಿ ಈ ಕೆಲಸ ಗೊತ್ತು. ಜಾಲಿ ಚಕ್ಕೆ, ಅಳಲೆಕಾಯಿ ಒಗರಲ್ಲಿ ಹದ ಮಾಡಿದ ಚರ್ಮ, ಅಟ್ಟೆ ಹೊಲಿಯೋದು ಚರ್ಮದ ದಾರದಲ್ಲೇ, ಮೊಳೆ ಹೊಡೆಯಲ್ಲ. ಮೂರನೇ ಹೆಜ್ಜೇಲಿ ಹೇಳಿದ ವೆಜಿಟೇಬಲ್ ಟ್ಯಾನ್, ನಾಲ್ಕನೇದ್ರಲ್ಲಿ ಹೇಳಿದ ಕೈ ಹೊಲಿಗೆ ಎರಡೂ ಅಲ್ಲಿವೆ. 2025ರ ಡಿಸೆಂಬರಲ್ಲಿ ಪ್ರಾಡಾ, ನಮ್ಮ ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಂ ಜೊತೆ ಇಲ್ಲೇ ಚಪ್ಪಲಿ ಮಾಡಿಸೋಕೆ ಒಪ್ಪಂದ ಮಾಡ್ಕೊಂಡ್ತು. ಲಿಡ್ಕರ್ ಶೋರೂಂ ಬೆಂಗಳೂರಲ್ಲೇ ಇವೆ, ಹೋಗಿ, ಮಗುಚಿ, ಬಗ್ಗಿಸಿ, ಅಂಚು ನೋಡಿ ಆರಿಸ್ಕೊಳ್ಳಿ.

ಕೊನೇದಾಗಿ ರಿಪೇರಿ. ಮಲ್ಲೇಶ್ವರದಲ್ಲಿ ಮರದ ಕೆಳಗೆ ಕೂರೋ ಒಬ್ರು ಯಜಮಾನ್ರ ಹತ್ರ ನನ್ನ ಈಗಿನ ಬ್ಯಾಗಿನ ಸ್ಟ್ರ್ಯಾಪ್ ಕೊಟ್ಟಿದ್ದೆ. ಚಮ್ಮಾರಿಕೆಯವ್ರು ಸಾಮಾನ್ಯವಾಗಿ ಕೊಕ್ಕೆ ಇರೋ ದಬ್ಬಳದಲ್ಲಿ ದಾರದ ಕುಣಿಕೆ ಮೇಲೆ ಎಳೆದು ಹೊಲೀತಾರೆ, ಅದು ಬೇಗ ಆಗುತ್ತೆ, ಆದ್ರೆ ಮೆಷಿನ್ ಹೊಲಿಗೆ ಥರನೇ ಕೊಕ್ಕೆ ಮೇಲೆ ನಿಂತಿರೋದು. ನಾನು ಹಿಂಜರೀತಾನೇ "ಯಜಮಾನ್ರೇ, ಎರಡು ಸೂಜಿ ಹಾಕಿ ಎರಡೂ ಕಡೆಯಿಂದ ಹೊಲೀಬಹುದಾ, ಎಷ್ಟಾದ್ರೂ ಕೊಡ್ತೀನಿ" ಅಂದೆ. ಅವ್ರು ತಲೆ ಎತ್ತಿ ನೋಡಿ, "ನಮ್ಮಪ್ಪ ಕಪಿಲೆ ಚೀಲ ಹೊಲೀತಿದ್ದಿದ್ದೇ ಹಂಗಮ್ಮ, ಬಾವಿಯಿಂದ ಎತ್ತು ನೀರೆಳೆಯುವಾಗ ದಾರ ಬಿಟ್ಬಿಟ್ರೆ ಗೌಡ್ರು ಸುಮ್ನಿರ್ತಿದ್ರಾ" ಅಂದು ಡಬ್ಬಿ ತಳದಿಂದ ಕಪ್ಪು ಮೇಣದ ಉಂಡೆ ಹುಡುಕಿ ತೆಗೆದು ದಾರಕ್ಕೆ ತಿಕ್ಕೋಕೆ ಶುರು ಮಾಡಿದ್ರು. ಮುಕ್ಕಾಲು ಗಂಟೆ ಹಿಡೀತು. ನಾನು ಪಕ್ಕದ ಕಟ್ಟೆ ಮೇಲೆ ಕೂತು ಅಷ್ಟೂ ಹೊತ್ತು ನೋಡ್ದೆ. ಇನ್ನೂರು ರೂಪಾಯಿ ಕೇಳಿದ್ರು, ಐನೂರು ಕೊಟ್ಟು ಬಂದೆ. ನೀವು ಹೋದ್ರೂ ಹಂಗೇ ಕೇಳಿ ನೋಡಿ, ಆದ್ರೆ ಬೆಳಗ್ಗೆ ಹತ್ತೂವರೆ ಒಳಗೆ ಹೋಗಿ, ಬಿಸಿಲೇರಿದ್ಮೇಲೆ ಮೇಣ ಮೆತ್ತಗಾಗಿ ಕೈಗೆ ಅಂಟುತ್ತೆ ಅಂತ ಅವ್ರು ಆ ಕೆಲಸ ಹಿಡಿಯಲ್ಲ.